ತಗ್ಗಿನೊಳಗೆ ಕನ್ನಡ ಅಕ್ಷರ ಕೆತ್ತುವುದು: ಎರಡು ಸಾಗುವಾನಿ ಹಲಗೆ ಹಾಳಾದವು, ತಪ್ಪು ಎಲ್ಲಿದೆ ತಿಳಿಸಿ

ಉಳಿಕೊಡತಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ತಪ್ಪು ಎಲ್ಲಿದೆ ಎಂದೇ ತಿಳಿಯದಿರುವಾಗ ಯಾವ ವಿವರ ಬೇಕು, ಯಾವುದು ಬೇಡ ಎಂದು ಆರಿಸುವುದು ನನ್ನಿಂದ ಆಗುತ್ತಿಲ್ಲ.

ಹದಡಿ ರಸ್ತೆಯಲ್ಲಿ ನಮ್ಮ ಬಡಗಿ ಶೆಡ್ ಇದೆ. ಅಪ್ಪ ಮೂವತ್ತು ವರ್ಷಗಳಿಂದ ಬಾಗಿಲು, ಚೌಕಟ್ಟು, ದೇವರ ಮಂಟಪ ಮಾಡಿಕೊಂಡು ಬಂದವರು. ಹೋದ ವರ್ಷ ಸಾಲ ಮಾಡಿ, ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಒಂದು ಸಿಎನ್‌ಸಿ ರೌಟರ್ ತಂದೆವು. ನಾಲ್ಕು ಅಡಿಗೆ ಎರಡೂವರೆ ಅಡಿಯ ಮೇಜು, 1.5 ಕಿಲೋವ್ಯಾಟ್ ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟಾರು). ಜಾಲರಿ, ಹೂಬಳ್ಳಿ, ಬಾಗಿಲಿನ ಪ್ಯಾನೆಲ್ ಎಲ್ಲವೂ ಚೆನ್ನಾಗಿ ಬರುತ್ತಿವೆ. ಸಪಾಟಾದ ಹಲಗೆಯ ಮೇಲೆ ವಿ-ಬಿಟ್ (ಚೂಪು ತುದಿಯ ಬಿಟ್) ಹಾಕಿ ಕೆತ್ತಿದ ಅಕ್ಷರ ಅಪ್ಪನಿಗೂ ಒಪ್ಪಿಗೆಯಾಗಿದೆ. ತಗ್ಗು ತೆಗೆದು ಅದರ ತಳದಲ್ಲಿ ಅಕ್ಷರ ಕೆತ್ತಲು ಹೋದಾಗ ಮಾತ್ರ ಕೆಲಸ ಕೈ ತಪ್ಪುತ್ತಿದೆ.

ಕೆಲಸ ಏನೆಂದರೆ, ನಿಟ್ಟುವಳ್ಳಿಯ ಒಂದು ಹೊಸ ಮನೆಯ ತಲೆಬಾಗಿಲಿನ ಮೇಲೆ ಕೂರಿಸಲು ‘ಶ್ರೀ ದುರ್ಗಾಂಬಿಕಾ ಕೃಪೆ’ ಎಂಬ ಫಲಕ. ಮನೆಯ ಯಜಮಾನಿ ತಮ್ಮ ತವರುಮನೆಯ ಹಳೆಯ ಬಾಗಿಲಿನ ಫೋಟೊ ತೋರಿಸಿದರು. ಅದರಲ್ಲಿ ಸುತ್ತಲೂ ಪಟ್ಟಿಯಂತೆ ಅಂಚು ಉಳಿದಿದೆ, ನಡುವೆ ತಗ್ಗು, ತಗ್ಗಿನ ತಳದಲ್ಲಿ ಅಕ್ಷರ. ‘ಮಳೆಯ ಎರಚಲಿಗೂ ಕೈ ತಾಗುವುದಕ್ಕೂ ಸಿಗದೆ ಅಕ್ಷರ ಇಷ್ಟು ವರ್ಷ ಹಾಗೆಯೇ ಉಳಿದಿದೆ, ನಮಗೂ ಹೀಗೆಯೇ ಬೇಕು’ ಎಂದರು. ಅವರ ಮಾತು ನನಗೆ ಹಿಡಿಸಿತು. ಒಪ್ಪಿಕೊಂಡೆ.

ಹಲಗೆ ಸಾಗುವಾನಿ, 900 ಮಿ.ಮೀ. ಉದ್ದ, 200 ಅಗಲ, 32 ದಪ್ಪ. ತಗ್ಗು 760ಕ್ಕೆ 120, ಆಳ 6 ಮಿ.ಮೀ. ತಗ್ಗನ್ನು 6 ಮಿ.ಮೀ. ವ್ಯಾಸದ, ತುದಿ ಸಪಾಟಾದ ಬಿಟ್, ಅಂದರೆ ಎಂಡ್ ಮಿಲ್‌ನಲ್ಲಿ ಮೂರು ಸುತ್ತಿಗೆ ತೆಗೆಯುತ್ತೇನೆ. ಅಕ್ಷರಕ್ಕೆ 12 ಮಿ.ಮೀ. ವ್ಯಾಸದ 90 ಡಿಗ್ರಿ ವಿ-ಬಿಟ್. ಅಕ್ಷರದ ದಪ್ಪ ಗೆರೆ 8 ಮಿ.ಮೀ., ಒತ್ತಿನ ಬಾಲಗಳು ಎರಡರಿಂದ ಮೂರು. ತಂತ್ರಾಂಶ ವಿಕಾರ್ವ್.

ಮೊದಲ ಸಲ ತಗ್ಗು ತೆಗೆದು, ಬಿಟ್ ಬದಲಿಸಿ, ಹಲಗೆಯ ಮೇಲ್ಮೈಗೆ ಝೀರೋ ಮಾಡಿ (ಆಳದ ಎಣಿಕೆ ಅಲ್ಲಿಂದ ಶುರು ಎಂದು ಯಂತ್ರಕ್ಕೆ ತೋರಿಸಿ) ಓಡಿಸಿದೆ. ಬಿಟ್ ಆ ತುದಿಯಿಂದ ಈ ತುದಿಯವರೆಗೆ ಓಡಾಡಿತು, ಮರವನ್ನು ಮಾತ್ರ ಮುಟ್ಟಲೇ ಇಲ್ಲ. ತಂತ್ರಾಂಶದಲ್ಲಿ ‘ಸ್ಟಾರ್ಟ್ ಡೆಪ್ತ್’ ಎಂಬ ಮನೆ ಇದ್ದದ್ದು ಆಗ ಕಣ್ಣಿಗೆ ಬಿತ್ತು, ಅದರಲ್ಲಿ ಸೊನ್ನೆ ಇತ್ತು. ಅಲ್ಲಿ 6 ಎಂದು ತುಂಬಿದೆ. ಬಿಟ್ ಮರ ಮುಟ್ಟಬೇಕಲ್ಲ ಎಂದು, ಈ ಸಲ ತಗ್ಗಿನ ತಳಕ್ಕೇ ಕಾಗದ ಇಟ್ಟು ಝೀರೋ ಮಾಡಿ ಓಡಿಸಿದೆ. ಸ್ಪಿಂಡಲ್ಲಿನ ಸದ್ದು ಮೊದಲ ಅಕ್ಷರಕ್ಕೇ ಬದಲಾಯಿತು. ಸಣ್ಣಗೆ ಹಾಡುವಂತಿದ್ದದ್ದು ನರಳುವಂತಾಯಿತು. ನಾನು ನಿಲ್ಲಿಸುವಷ್ಟರಲ್ಲಿ ‘ಶ್ರೀ’ಯೂ ‘ದು’ವೂ ಮುಗಿದಿದ್ದವು. ಎರಡೂ ರಾತ್ರಿಯಿಡೀ ನೆನೆದ ಕಡಲೆಯಂತೆ ಊದಿಕೊಂಡಿದ್ದವು. ಕ್ಯಾಲಿಪರ್ ಹಿಡಿದು ನೋಡಿದರೆ 8 ಮಿ.ಮೀ. ಇರಬೇಕಾದ ಗೆರೆ 12, 2 ಮಿ.ಮೀ. ಇರಬೇಕಾದ ಒತ್ತಿನ ಬಾಲವೂ 12. ಒಂದು ಹಲಗೆ ಹೋಯಿತು.

ಎರಡನೆಯ ಹಲಗೆಗೆ ಸ್ಟಾರ್ಟ್ ಡೆಪ್ತ್ 6 ಇಟ್ಟು, ಝೀರೋವನ್ನು ಮೇಲ್ಮೈಗೇ ಮಾಡಿದೆ. ತಗ್ಗಿನ ತಳದಲ್ಲಿ ಬಿಟ್ಟಿನ ಗೀರುಗಳಿದ್ದವು. ಹಲಗೆಯನ್ನು ಬಿಚ್ಚಿ, ಹೊರಗೆ ಬೆಳಕಿನಲ್ಲಿ ಕುಳಿತು ಉಜ್ಜುಕಾಗದದಿಂದ ನಯ ಮಾಡಿ, ಮತ್ತೆ ಮೇಜಿಗೆ ಬಿಗಿದು ಅಕ್ಷರ ಕೆತ್ತಿದೆ. ಈ ಸಲ ಅಕ್ಷರ ಬಂತು. ಆದರೆ ಎಡಗಡೆ ‘ಶ್ರೀ’ಯ ಗೆರೆ 9 ಮಿ.ಮೀ., ಬಲತುದಿಯ ‘ಪೆ’ಯ ಗೆರೆ 7. ಜೊತೆಗೆ ‘ಶ್ರೀ’ಯ ರಾವೊತ್ತಿನ ಕೆಳಗೆ ತಗ್ಗಿನ ಗೋಡೆಯ ಮೇಲಂಚು ಅರ್ಧಚಂದ್ರದ ಹಾಗೆ ಕಚ್ಚಿ ಹೋಗಿದೆ. ಒತ್ತಿಗೂ ಗೋಡೆಗೂ 3 ಮಿ.ಮೀ. ಅಂತರ ಬಿಟ್ಟಿದ್ದೆ. ದಪ್ಪ ಗೆರೆ ಗೋಡೆಯ ಹತ್ತಿರ ಬಂದಲ್ಲಿ ಏನೂ ಆಗಿಲ್ಲ. ಬಾಲ ಸಣ್ಣದಾಗುತ್ತಾ ಹೋದಲ್ಲಿಯೇ ಗೋಡೆ ಕಚ್ಚಿದೆ. ಇದಂತೂ ನನಗೆ ಅರ್ಥವೇ ಆಗುತ್ತಿಲ್ಲ. ಇನ್ನೂ ಒಂದು: ‘ರ್ಗಾಂ’ನಲ್ಲಿ ಅರ್ಕಾವತ್ತೂ ಸೊನ್ನೆಯೂ ಒಂದಕ್ಕೊಂದು ತಾಗಿವೆ, ‘ಶ’ದ ಸುರುಳಿಯೊಳಗಿನ ಪುಟ್ಟ ಮರ ಬೇಳೆಕಾಳಿನಂತೆ ಎದ್ದು ಹೋಗಿದೆ.

ಪರಿಚಯದವರೊಬ್ಬರು ‘ಇಂಗ್ಲಿಷ್ ಅಕ್ಷರ ಆಗಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ, ಒತ್ತು ಇಲ್ಲದ ಹೆಸರು ಇಡಲು ಹೇಳು’ ಎಂದರು. ದೇವಿಯ ಹೆಸರನ್ನು ಯಂತ್ರಕ್ಕೆ ತಕ್ಕಂತೆ ಬದಲಿಸುವುದೆಂದರೇನು? ಗೃಹಪ್ರವೇಶಕ್ಕೆ ಹನ್ನೊಂದು ದಿನ ಇದೆ. ಇನ್ನೊಂದು ಹಲಗೆ ಇದೆ, ಅದೇ ಕೊನೆಯದು. ತಿಳಿದವರು ದಾರಿ ತೋರಿಸಿ.


ಹರಿಹರದ ಫಿಟ್ಟರ್

ಇಷ್ಟು ವಿವರ ಕೊಟ್ಟು ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಅಳತೆಗಳೇ ಉತ್ತರ ಹೇಳುತ್ತಿವೆ. ನಾನು ಮರದವನಲ್ಲ, ಕಬ್ಬಿಣದವನು, ಆದರೆ ಝಡ್ ಅಕ್ಷದ, ಅಂದರೆ ಬಿಟ್ ಮೇಲೆ ಕೆಳಗೆ ಓಡುವ ದಿಕ್ಕಿನ, ಲೆಕ್ಕ ಎರಡಕ್ಕೂ ಒಂದೇ.

90 ಡಿಗ್ರಿ ವಿ-ಬಿಟ್ ಎಷ್ಟು ಆಳ ಇಳಿಯುತ್ತದೋ ಅದರ ಎರಡರಷ್ಟು ಅಗಲ ಕೊರೆಯುತ್ತದೆ. 8 ಮಿ.ಮೀ. ಗೆರೆ ಬೇಕಾದರೆ 4 ಮಿ.ಮೀ. ಇಳಿಯಬೇಕು. ನಿಮ್ಮ ಮೊದಲ ಓಟದಲ್ಲಿ ತಂತ್ರಾಂಶ ಮೇಲ್ಮೈಯಿಂದ ಎಣಿಸಿ 4 ಮಿ.ಮೀ. ಇಳಿಸಿತು. ತಗ್ಗಿನ ತಳ ಇರುವುದು 6ರಲ್ಲಿ. ಹಾಗಾಗಿ ಬಿಟ್ಟಿನ ತುದಿ ತಳದಿಂದ 2 ಮಿ.ಮೀ. ಮೇಲೆಯೇ ಓಡಾಡಿ ಬಂತು.

ಎರಡನೆಯದರಲ್ಲಿ ನೀವು ಅದೇ 6 ಮಿ.ಮೀ.ಅನ್ನು ಎರಡು ಸಲ ಎಣಿಸಿದಿರಿ. ಸ್ಟಾರ್ಟ್ ಡೆಪ್ತ್ 6 ಎಂದರೆ ‘ಝೀರೋ ಇರುವ ಮಟ್ಟದಿಂದ 6 ಮಿ.ಮೀ. ಕೆಳಗೆ ಮರ ಶುರುವಾಗುತ್ತದೆ’ ಎಂದು ಯಂತ್ರಕ್ಕೆ ಹೇಳಿದಂತೆ. ಝೀರೋ ಮಾಡಿದ್ದೂ ತಳದಲ್ಲಿಯೇ. ಆದ್ದರಿಂದ ತಳದಿಂದ 6, ಅದರ ಕೆಳಗೆ ಅಕ್ಷರದ 4, ಒಟ್ಟು 10 ಮಿ.ಮೀ. ಇಳಿಯಿತು. ಸೊನ್ನೆ ಅಗಲದ ಬಾಲದ ತುದಿಯೂ 6 ಮಿ.ಮೀ. ಇಳಿದರೆ 12 ಅಗಲ ಆಗುತ್ತದೆ. ಬಿಟ್ಟಿನ ವ್ಯಾಸವೇ 12 ಆದ್ದರಿಂದ ದಪ್ಪ ಗೆರೆ ಅದಕ್ಕಿಂತ ಅಗಲವಾಗಲು ಆಗಲಿಲ್ಲ. ಎಲ್ಲ ಗೆರೆಯೂ ಸರಿಯಾಗಿ 12 ಬಂದಿದೆ ಎಂದು ನೀವು ಬರೆದ ಕೂಡಲೇ ಕಾರಣ ಗೊತ್ತಾಯಿತು.

ಸ್ಟಾರ್ಟ್ ಡೆಪ್ತ್ ಕೊಟ್ಟರೆ ಝೀರೋ ಮೇಲ್ಮೈಗೆ. ತಳಕ್ಕೆ ಝೀರೋ ಮಾಡಿದರೆ ಸ್ಟಾರ್ಟ್ ಡೆಪ್ತ್ ಸೊನ್ನೆ. ಎರಡರಲ್ಲಿ ಒಂದನ್ನು ಆರಿಸಿ, ಕೆಲಸದ ನಡುವೆ ಬದಲಿಸಬೇಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೇಲ್ಮೈಯನ್ನೇ ಆರಿಸುತ್ತಿದ್ದೆ. ನಿಮ್ಮ ಫಲಕದಲ್ಲಿ ಸುತ್ತಲಿನ ಅಂಚು ಕೊನೆಯವರೆಗೂ ಉಳಿಯುತ್ತದೆ. ಅದರ ಮೇಲೆ ಪೆನ್ಸಿಲಿನಿಂದ ಒಂದು ಗುಣಿಸು ಗುರುತು ಹಾಕಿ. ಎಂಡ್ ಮಿಲ್ ಆಗಲಿ, ವಿ-ಬಿಟ್ ಆಗಲಿ, ಆ ಗುರುತಿನ ಮೇಲೆಯೇ, ಒಂದೇ ಕಾಗದ ಇಟ್ಟು ಝೀರೋ ಮಾಡಿ. ನಮ್ಮ ಕಡೆ ಸಿಗುವ ಸಾಮಾನ್ಯ ಜೆರಾಕ್ಸ್ ಕಾಗದ ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ, ಎರಡೂ ಬಿಟ್ಟಿಗೆ ಅದೇ ಕಾಗದವಾದರೆ ಆ ದಪ್ಪ ಲೆಕ್ಕದಿಂದ ಹಾರಿಹೋಗುತ್ತದೆ. ಮೇಲ್ಮೈಯೆಲ್ಲಾ ಕೆತ್ತಿ ಹೋಗುವ ಕೆಲಸವಾದರೆ ಮಾತ್ರ ಮೇಜಿನ ಮಟ್ಟಕ್ಕೆ ಝೀರೋ ಮಾಡಿ. ವಿಕಾರ್ವ್‌ನಲ್ಲಿ ಆ ಆಯ್ಕೆಯೂ ಇದೆ. ಆಗ ಹಲಗೆಯ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆದು ತುಂಬಬೇಕು, ಅಂಗಡಿಯವರು ಹೇಳಿದ ದಪ್ಪವನ್ನಲ್ಲ.

ಎಡಕ್ಕೆ 9, ಬಲಕ್ಕೆ 7: ಇದು ಹಲಗೆಯನ್ನು ಬಿಚ್ಚಿ ಮತ್ತೆ ಬಿಗಿದದ್ದರ ಫಲ. ಯಂತ್ರ ತೆಗೆದ ತಗ್ಗಿನ ತಳ ಯಂತ್ರದ ಓಟಕ್ಕೆ ಸರಿಸಮವಾಗಿ ಇರುತ್ತದೆ, ಹಲಗೆ ಸ್ವಲ್ಪ ಬಾಗಿದ್ದರೂ ಸರಿಯೇ. ಬಿಚ್ಚಿದ ಕೂಡಲೇ ಆ ಹೊಂದಿಕೆ ಮುರಿಯಿತು. ಮತ್ತೆ ಇಡುವಾಗ ಎಡತುದಿಯ ಕೆಳಗೆ ಒಂದು ಚೂರು ಹೊಟ್ಟು ಸಿಕ್ಕಿದರೂ ಸಾಕು. ಎಡದಲ್ಲಿ ಅರ್ಧ ಮಿ.ಮೀ. ಏರಿದೆ, ಬಲದಲ್ಲಿ ಅರ್ಧ ಮಿ.ಮೀ. ಇಳಿದಿದೆ. ಎರಡರಷ್ಟು ಅಗಲದ ಲೆಕ್ಕ ಹಾಕಿ, ನಿಮ್ಮ 9 ಮತ್ತು 7 ತಾನಾಗಿ ಬರುತ್ತವೆ. ಸಪಾಟು ಕೆತ್ತನೆಯಲ್ಲಿ ಕಣ್ಣಿಗೆ ಬೀಳದ ಅರ್ಧ ಮಿ.ಮೀ. ವಿ-ಬಿಟ್‌ನಲ್ಲಿ ಒಂದು ಮಿ.ಮೀ. ಆಗಿ ಕಾಣುತ್ತದೆ. ಹಾಗಾಗಿ ಅಕ್ಷರ ಮುಗಿಯುವವರೆಗೆ ಹಲಗೆಯನ್ನು ಕದಲಿಸಬೇಡಿ. ತಳ ನಯ ಮಾಡಬೇಕಾದರೆ ಸ್ಪಿಂಡಲ್ಲನ್ನು ಹಿಂದಕ್ಕೆ ಸರಿಸಿ ಮೇಜಿನ ಮೇಲೆಯೇ ಉಜ್ಜಿ. ಅದಕ್ಕಿಂತ ಒಳ್ಳೆಯದು, ತಗ್ಗಿನ ಕೊನೆಯ ಸುತ್ತಿಗೆ 0.3 ಮಿ.ಮೀ. ಮಾತ್ರ ಉಳಿಸಿ, ಹೊಸ ಬಿಟ್ ಹಾಕಿ, ಎಳೆಯ ದಿಕ್ಕಿನಲ್ಲಿ ಓಡಿಸಿ. ಉಜ್ಜುವ ಕೆಲಸವೇ ಕಡಿಮೆಯಾಗುತ್ತದೆ.


ಕಲ್ಲಿನಕೋಟೆ, ಚಿತ್ರದುರ್ಗ

ತಮ್ಮಾ, ನನಗೆ ಅರವತ್ತೆರಡು, ಹೀಗೆ ಕರೆದರೆ ಬೇಸರ ಮಾಡಿಕೊಳ್ಳಬೇಡ. ನಾಮಫಲಕದ ಕೆಲಸ ಮೊದಲು ಬ್ರಷ್ಷಿನಲ್ಲಿ, ಆಮೇಲೆ ಉಳಿಯಲ್ಲಿ, ಈಗ ಮಗನ ಯಂತ್ರದಲ್ಲಿ ಮಾಡುತ್ತಿದ್ದೇನೆ. ಫಿಟ್ಟರ್ ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ. ಗೋಡೆ ಕಚ್ಚಿದ್ದರ ವಿಷಯ ಹೇಳುತ್ತೇನೆ.

ವಿ-ಬಿಟ್ಟನ್ನು ಕೈಯಲ್ಲಿ ಹಿಡಿದು ನೋಡು. ಕೆಳಗೆ ಚೂಪು, ಮೇಲೆ ಅಗಲ, ಬುಗುರಿಯ ಹಾಗೆ. ಸಪಾಟು ಹಲಗೆಯಲ್ಲಿ ಆ ಅಗಲವಾದ ಭಾಗ ಮರದ ಮೇಲೆ ಗಾಳಿಯಲ್ಲಿ ಇರುತ್ತದೆ. ತಗ್ಗಿನಲ್ಲಿ ಹಾಗಲ್ಲ, ಪಕ್ಕದಲ್ಲಿ ಗೋಡೆ ಇದೆ. ನಿನ್ನ ಬಿಟ್ ಬಾಲದ ತುದಿಯನ್ನು ಮುಟ್ಟುವಾಗ, 6 ಮಿ.ಮೀ. ಮೇಲೆ, ಗೋಡೆಯ ನೆತ್ತಿಯ ಮಟ್ಟದಲ್ಲಿ, ಅದರ ಹೊಟ್ಟೆ ಆ ತುದಿಯಿಂದ 6 ಮಿ.ಮೀ. ಆಚೆಗೆ ಚಾಚಿರುತ್ತದೆ. ನೀನು ಬಿಟ್ಟದ್ದು 3. ಉಳಿದ 3ನ್ನು ಅದು ಗೋಡೆಯಿಂದ ತೆಗೆದುಕೊಂಡಿತು. ದಪ್ಪ ಗೆರೆಯಲ್ಲಿ ಬಿಟ್ ನಡುಗೆರೆಯ ಮೇಲೆ ಓಡುತ್ತದೆ. ಅಲ್ಲಿಂದ ಅಕ್ಷರದ ಅಂಚಿಗೇ 4 ಮಿ.ಮೀ., ಬಿಟ್ಟಿನ ಅರ್ಧ ವ್ಯಾಸ 6, ಹೀಗಾಗಿ ಅಂಚಿನಿಂದ ಆಚೆಗೆ ಚಾಚುವುದು 2 ಮಾತ್ರ. ಅದಕ್ಕೇ ದಪ್ಪ ಗೆರೆಯ ಪಕ್ಕ ಗೋಡೆ ಉಳಿಯಿತು, ಸಣ್ಣ ಬಾಲದ ಪಕ್ಕ ಹೋಯಿತು. ಕಂಪ್ಯೂಟರ್ ಪರದೆಯಲ್ಲಿ ಅಕ್ಷರದ ಗೆರೆಯನ್ನಷ್ಟೇ ನೋಡುತ್ತಾ ಕುಳಿತರೆ ಬಿಟ್ಟಿನ ಹೊಟ್ಟೆ ಮರೆತುಹೋಗುತ್ತದೆ. ನಾನೂ ಒಂದು ಮಠದ ಫಲಕದಲ್ಲಿ ಹೀಗೆಯೇ ಮೂರು ಕಡೆ ಗೋಡೆ ಕಳೆದುಕೊಂಡಿದ್ದೇನೆ.

ದಾರಿ ಎರಡಿವೆ. 90 ಡಿಗ್ರಿ ಬಿಟ್ಟನ್ನೇ ಇಟ್ಟುಕೊಂಡರೆ ತಗ್ಗು ಎಷ್ಟು ಆಳವೋ ಅಷ್ಟೇ ಅಂತರವನ್ನು ಗೋಡೆಯಿಂದ ಬಿಡು. 60 ಡಿಗ್ರಿ ಬಿಟ್ ಹಾಕಿದರೆ ಆಳದ ಅರ್ಧಕ್ಕಿಂತ ತುಸು ಹೆಚ್ಚು ಸಾಕು, 6 ಮಿ.ಮೀ. ತಗ್ಗಿಗೆ ಸುಮಾರು ಮೂರೂವರೆ. ನಾನು ಹೇಳುವುದಾದರೆ 60 ಹಾಕು, ತಗ್ಗನ್ನು 4 ಮಿ.ಮೀ.ಗೆ ಇಳಿಸು. ಆಗ 2.3 ಮಿ.ಮೀ. ಅಂತರ ಸಾಕಾಗುತ್ತದೆ, ನಿನ್ನ ವಿನ್ಯಾಸದಲ್ಲಿ 3 ಇದೆ, ಏನನ್ನೂ ಬದಲಿಸಬೇಕಾಗಿಲ್ಲ. 60 ಡಿಗ್ರಿಯಲ್ಲಿ 8 ಮಿ.ಮೀ. ಗೆರೆ ಸುಮಾರು 7 ಮಿ.ಮೀ. ಆಳ ಇಳಿಯುತ್ತದೆ, ನಿನ್ನ 32 ಮಿ.ಮೀ. ದಪ್ಪಕ್ಕೆ ಅದೇನೂ ಹೆಚ್ಚಲ್ಲ. ಒಂದೇ ಸಲಕ್ಕೆ ಇಳಿಸಬೇಡ, ಎರಡು ಮೂರು ಸುತ್ತು ಮಾಡು. ತಲೆಬಾಗಿಲಿನ ಮೇಲಿನ ಫಲಕವನ್ನು ಜನ ಕೆಳಗಿನಿಂದ ಕತ್ತೆತ್ತಿ ನೋಡುತ್ತಾರೆ. ಆಳವಾದ ಅಕ್ಷರದಲ್ಲಿ ನೆರಳು ಕೂರುತ್ತದೆ, ಓದಲು ಸುಲಭ. ತಗ್ಗು ತೀರಾ ಆಳವಾದರೆ ಕೆಳಗಿನ ಗೋಡೆಯೇ ಒತ್ತುಗಳನ್ನು ಮರೆಮಾಡುತ್ತದೆ. ಈ ಕಾರಣಕ್ಕೂ 4 ಒಳ್ಳೆಯದು.

ಸುರುಳಿಯೊಳಗಿನ ಬೇಳೆ ಎದ್ದು ಹೋಗದಿರಲು, ಕೆತ್ತುವ ಮೊದಲು ಆ ಜಾಗಕ್ಕೆ ನೀರಿನಂತೆ ತೆಳುವಾದ ತ್ವರಿತ ಅಂಟನ್ನು ಎರಡು ಹನಿ ಬಿಟ್ಟು ಒಣಗಲು ಬಿಡು. ಮರದ ಎಳೆಗಳು ಕಚ್ಚಿಕೊಳ್ಳುತ್ತವೆ. ಬಿಟ್ ಮೊಂಡಾಗಿದ್ದರೆ ಏನು ಮಾಡಿದರೂ ಏಳುತ್ತದೆ.

ಬಣ್ಣ ಹಾಕುತ್ತೀಯೋ ಇಲ್ಲವೋ ಬರೆದಿಲ್ಲ. ಹಾಕುವುದಾದರೆ ಈಗಲೇ ಯೋಚಿಸು. ಸಪಾಟು ಹಲಗೆಯಲ್ಲಿ ಅಕ್ಷರಕ್ಕೆ ಬಣ್ಣ ತುಂಬಿ, ಮೇಲೆ ಚೆಲ್ಲಿದ್ದನ್ನು ಉಜ್ಜಿ ತೆಗೆಯುತ್ತೇವೆ. ತಗ್ಗಿನ ತಳದಲ್ಲಿ ಉಜ್ಜುವ ಯಂತ್ರ ಆಡುವುದಿಲ್ಲ, ಮೂಲೆಗಳಿಗೆ ಕೈಯೂ ಹೋಗುವುದಿಲ್ಲ. ತಗ್ಗು ತೆಗೆದ ಮೇಲೆ, ಹಲಗೆ ಮೇಜಿನ ಮೇಲೆಯೇ ಇರುವಾಗ, ತಳವನ್ನು ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸು. ಸಾಗುವಾನಿಯಲ್ಲಿ ಎಣ್ಣೆ ಇರುತ್ತದೆ, ಅದು ಬಣ್ಣವನ್ನೂ ಅಂಟನ್ನೂ ಹಿಡಿಯಲು ಬಿಡುವುದಿಲ್ಲ. ಒಣಗಿದ ಮೇಲೆ, ಮರದ ರಂಧ್ರ ಮುಚ್ಚುವ ಸೀಲರ್ ಒಂದು ಕೈ. ಅದು ಒಣಗಿದ ಮೇಲೆ ಸ್ಟಿಕರ್ ಅಂಗಡಿಯಲ್ಲಿ ಸಿಗುವ ವಿನೈಲ್ ಹಾಳೆಯನ್ನು ತಳದ ಅಳತೆಗೆ ಕತ್ತರಿಸಿ, ಗಾಳಿ ನಿಲ್ಲದ ಹಾಗೆ ಒತ್ತಿ ಅಂಟಿಸು. ಅದರ ಮೇಲೆಯೇ ಅಕ್ಷರ ಕೆತ್ತು. ಕೆತ್ತಿದ ಅಕ್ಷರದೊಳಗೂ ತೆಳ್ಳಗೆ ಸೀಲರ್ ಹೊಡೆ, ಇಲ್ಲದಿದ್ದರೆ ಬಣ್ಣ ಎಳೆಯ ಗುಂಟ ಹಾಳೆಯ ಕೆಳಗೆ ಹರಿಯುತ್ತದೆ. ಬಣ್ಣ ಎರಡು ತೆಳು ಕೈ. ಎರಡನೆಯ ಕೈ ಪೂರ್ತಿ ಗಟ್ಟಿಯಾಗುವ ಮೊದಲೇ ಹಾಳೆ ಸುಲಿ. ಅಂಚು ದಾರ ಹಿಡಿದಂತೆ ಬರುತ್ತದೆ.

ಇನ್ನೊಂದು ಮಾತು, ಇದು ಕೆಲಸಕ್ಕೂ ಉಪಯೋಗ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಅದರ ಕೊನೆಯಲ್ಲಿ ಬರೆದವನು ‘ಚಪಡ’ ಎಂದು ತನ್ನ ಹೆಸರು ಹೇಳಿಕೊಂಡಿದ್ದಾನೆ. ರಾಜನ ಮಾತಿನ ಕೆಳಗೆ ಲಿಪಿಕಾರನ ಹೆಸರು. ಅದನ್ನು ನೋಡಿ ಬಂದ ಮೇಲೆ ನಾನು ಪ್ರತಿ ಫಲಕದ ಹಿಂಬದಿಗೂ ಹೆಸರು, ವರ್ಷ, ಯಾವ ಬಿಟ್, ತಗ್ಗಿನ ಆಳ ಎಷ್ಟು ಎಂದು ಬರೆಯುತ್ತೇನೆ. ಹತ್ತು ವರ್ಷದ ಮೇಲೆ ಅದೇ ಮನೆಯವರು ಜೋಡಿ ಫಲಕ ಕೇಳಿಕೊಂಡು ಬಂದಾಗ ಹಲಗೆಯನ್ನು ತಿರುಗಿಸಿ ನೋಡಿದರೆ ಸಾಕಾಗುತ್ತದೆ.


ಉಳಿಕೊಡತಿ, ದಾವಣಗೆರೆ

ಯಜಮಾನರೇ, ಫಿಟ್ಟರ್ ಸಾರ್, ನಿಮ್ಮಿಬ್ಬರ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಹಾಳಾದ ಎರಡನೆಯ ಹಲಗೆಯನ್ನು ತಂದು ಕ್ಯಾಲಿಪರ್ ಇಟ್ಟು ನೋಡಿದೆವು. ಗೋಡೆ ಕಚ್ಚಿದ ಜಾಗ ಬಾಲದ ತುದಿಯ ನೇರಕ್ಕೆ ಸರಿಯಾಗಿ 3 ಮಿ.ಮೀ. ಇದೆ.

ಬಣ್ಣ ಹಾಕಬೇಕು, ಚಿನ್ನದ ಬಣ್ಣವನ್ನೇ ಕೇಳಿದ್ದಾರೆ. ವಿನೈಲ್ ಹಾಳೆ ಗಡಿಯಾರ ಕಂಬದ ಹತ್ತಿರ ಸಿಕ್ಕಿತು. 60 ಡಿಗ್ರಿ ಬಿಟ್ ನಾಳೆ ಬರುತ್ತದೆ. ಉಳಿದಿರುವುದು ಅರ್ಕಾವತ್ತು ಮತ್ತು ಸೊನ್ನೆ ತಾಗಿದ್ದು. ಅಕ್ಷರವನ್ನು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ಬರೆದು ಕೆತ್ತನೆಯ ತಂತ್ರಾಂಶಕ್ಕೆ ತಂದಿದ್ದೇನೆ. ಯೂನಿಕೋಡ್ ಅಕ್ಷರ ಹಾಕಿದರೆ ‘ಶ್ರೀ’ ಒಡೆದು ಬಿಡಿಬಿಡಿಯಾಗಿ ಕಾಣುತ್ತದೆ.


ಅಕ್ಷರಜೋಡಣೆ, ದಾವಣಗೆರೆ

ಒತ್ತು ಬಿಟ್ಟ ಹೆಸರಿಡಲು ಹೇಳಿದವರ ಮಾತು ಓದಿ ಸಂಕಟವಾಯಿತು. ನೀವು ಒಪ್ಪದೇ ಇದ್ದದ್ದಕ್ಕೆ ಧನ್ಯವಾದ. ನಾನು ಇಪ್ಪತ್ತು ವರ್ಷಗಳಿಂದ ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆಗಳ ಪುಟ ಜೋಡಿಸುತ್ತಿದ್ದೇನೆ. ಮರ ನನಗೆ ಗೊತ್ತಿಲ್ಲ, ಅಕ್ಷರ ಗೊತ್ತು.

ಕನ್ನಡದ ಒತ್ತುಗಳನ್ನು ಕೂಡಿಸುವ ಬುದ್ಧಿ ಎಲ್ಲ ತಂತ್ರಾಂಶಕ್ಕೂ ಇರುವುದಿಲ್ಲ. ಹಾಗಾಗಿ ಕೆತ್ತನೆಯ ತಂತ್ರಾಂಶದಲ್ಲಿ ಬೆರಳಚ್ಚು ಮಾಡುವುದನ್ನೇ ಬಿಡಿ. ಇಂಕ್‌ಸ್ಕೇಪ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂಡುತ್ತದೆ. ಅಲ್ಲಿ ಬರೆದು, ಅಕ್ಷರವನ್ನು ಗೆರೆಯಾಗಿ ಪರಿವರ್ತಿಸಿ, ಎಸ್‌ವಿಜಿ ಕಡತವಾಗಿ ಉಳಿಸಿ ತನ್ನಿ. ನುಡಿಯಲ್ಲಿಯೇ ಮಾಡಬೇಕೆಂದರೂ ಅಡ್ಡಿಯಿಲ್ಲ, ಆದರೆ ಅದರ ಹಳೆಯ ಅಕ್ಷರಶೈಲಿಗಳಲ್ಲಿ ಮೂಲ ಅಕ್ಷರ, ಗುಣಿತದ ಕೊಂಬು, ಒತ್ತು ಎಲ್ಲವೂ ಬೇರೆ ಬೇರೆ ತುಂಡುಗಳು. ಒಂದರ ಮೇಲೊಂದು ಹತ್ತಿ ಕುಳಿತಿರುತ್ತವೆ. ಕಾಗದದ ಮೇಲೆ ಕಪ್ಪು ಕಪ್ಪಿನೊಂದಿಗೆ ಬೆರೆತು ಗೊತ್ತಾಗುವುದಿಲ್ಲ. ನಿಮ್ಮ ಯಂತ್ರ ಗೆರೆಯನ್ನು ನೋಡುತ್ತದೆ. ಎರಡು ಗೆರೆ ದಾಟಿದಲ್ಲಿ ಒಳಗು ಯಾವುದು, ಹೊರಗು ಯಾವುದು ಎಂದು ಅದಕ್ಕೆ ತಿಳಿಯದು. ಪರದೆಯನ್ನು ದೊಡ್ಡದು ಮಾಡಿ ‘ದು’ ಅಕ್ಷರದ ಕೊಂಬು ಸೇರುವ ಜಾಗ ನೋಡಿ, ಒಳಗೆ ದಾಟುಗೆರೆ ಕಾಣಿಸಿದರೆ ಎಲ್ಲ ತುಂಡುಗಳನ್ನೂ ಆರಿಸಿ ಒಂದಾಗಿ ಬೆಸೆಯಿರಿ. ಇಂಕ್‌ಸ್ಕೇಪ್‌ನಲ್ಲಿ ಅದಕ್ಕೆ ‘ಯೂನಿಯನ್’ ಎಂಬ ಆಜ್ಞೆ ಇದೆ.

ಈಗ ‘ರ್ಗಾಂ’. ಇದು ಕನ್ನಡದಲ್ಲಿ ನಿಜಕ್ಕೂ ಇಕ್ಕಟ್ಟಿನ ಜಾಗ. ಗಾ ಆದ ಮೇಲೆ ಅರ್ಕಾವತ್ತು, ಅದರ ಬೆನ್ನಿಗೇ ಸೊನ್ನೆ. ‘ರ’ ಬರೆದು ಅದರ ಕೆಳಗೆ ಗಾವೊತ್ತು ಕೊಟ್ಟರೂ ವ್ಯಾಕರಣಕ್ಕೆ ಸರಿಯೇ, ಆಗ ಅರ್ಕಾವತ್ತಿನ ಇಕ್ಕಟ್ಟು ತಪ್ಪುತ್ತದೆ. ಆದರೆ ಇನ್ನೊಂದು ಒತ್ತು ಕೆಳಗಿನ ಗೋಡೆಯ ಹತ್ತಿರ ಇಳಿಯುತ್ತದೆ, ನಿಮಗೆ ಅದು ಬೇಡ. ದೇವಿಯ ಹೆಸರನ್ನು ಜನ ನೋಡಿ ರೂಢಿಯಾಗಿರುವುದೂ ಅರ್ಕಾವತ್ತಿನಲ್ಲಿಯೇ. ಅದನ್ನೇ ಇಟ್ಟುಕೊಂಡು, ಅರ್ಕಾವತ್ತಿಗೂ ಸೊನ್ನೆಗೂ ನಡುವೆ ಎರಡೂವರೆ ಮಿ.ಮೀ. ಸರಿಸಿ. ಸರಿಸಿದ್ದು ಓದುವವರಿಗೆ ತಿಳಿಯದ ಹಾಗೆ ‘ಬಿ’ಯನ್ನೂ ಅಷ್ಟೇ ಮುಂದಕ್ಕೆ ತಳ್ಳಿ.

ಅಕ್ಷರಶೈಲಿಯ ಬಗ್ಗೆ: ದಪ್ಪಗೆ, ದುಂಡಗೆ ಬೇಕೆಂದರೆ ‘ಬಾಲೂ ತಮ್ಮ’ ಎಂಬ ಶೈಲಿ ಇದೆ. ನೋಟೊ ಸಾನ್ಸ್ ಕನ್ನಡದಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿವೆ, ನಡುವಿನದನ್ನು ಆರಿಸಿದರೆ ಸುರುಳಿಯೊಳಗಿನ ಕಣ್ಣು ತೆರೆದಿರುತ್ತದೆ. ತೀರಾ ದಪ್ಪ ಬೇಡ. ನಿಮ್ಮ ಫಲಕದಲ್ಲಿ ಇಲ್ಲದಿದ್ದರೂ ಮುಂದಿನ ಕೆಲಸಕ್ಕೆ ನೆನಪಿರಲಿ: ದ–ಧ, ಪ–ಫ ಜೋಡಿಗಳಲ್ಲಿ ವ್ಯತ್ಯಾಸ ಇರುವುದೇ ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳಿನಲ್ಲಿ. ಅದು ಮುಚ್ಚಿಹೋದರೆ ಹೆಸರೇ ಬದಲಾಗುತ್ತದೆ. ಅಂಥ ಅಕ್ಷರಗಳನ್ನು ಮೊದಲು ಬೇರೆ ತುಂಡಿನ ಮೇಲೆ ಕೆತ್ತಿ, ಹತ್ತು ಅಡಿ ದೂರ ನಿಂತು ಓದಿ ನೋಡಿ.


ಹರಿಹರದ ಫಿಟ್ಟರ್

ಅಕ್ಷರಜೋಡಣೆ ಮೇಡಂ ಹೇಳಿದಂತೆ ತುಂಡಿನ ಮೇಲೆ ಪರೀಕ್ಷಿಸುವಾಗ ಇಡೀ ಸಾಲು ಬೇಡ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡಿನಲ್ಲಿ 4 ಮಿ.ಮೀ. ತಗ್ಗು ತೆಗೆದು ‘ಶ್ರೀ’ ಮತ್ತು ‘ರ್ಗಾಂ’ ಮಾತ್ರ ಕೆತ್ತಿ, ‘ಶ್ರೀ’ಯ ಒತ್ತನ್ನು ಗೋಡೆಗೆ 3 ಮಿ.ಮೀ. ದೂರದಲ್ಲಿಯೇ ಇಡಿ. ಓಡಿಸುವ ಮೊದಲು ಸ್ಟಾರ್ಟ್ ಡೆಪ್ತ್ 4 ಆಗಿದೆಯೇ ನೋಡಿಕೊಳ್ಳಿ. ತಗ್ಗಿನ ಆಳ ಬದಲಿಸಿ ಈ ಅಂಕಿಯನ್ನು ಹಳೆಯದೇ ಬಿಟ್ಟರೆ ಎಲ್ಲ ಅಕ್ಷರವೂ 2 ಮಿ.ಮೀ. ಹೆಚ್ಚು ಇಳಿಯುತ್ತದೆ.


ಉಳಿಕೊಡತಿ, ದಾವಣಗೆರೆ

ಆರು ದಿನದ ಮೇಲೆ ಬರೆಯುತ್ತಿದ್ದೇನೆ. ಫಲಕ ಮುಗಿಯಿತು.

ಮೊದಲು ಎಂಡಿಎಫ್ ತುಂಡಿನ ಮೇಲೆ ‘ಶ್ರೀ’, ‘ರ್ಗಾಂ’ ಕೆತ್ತಿದೆ. ಗೋಡೆ ಕಚ್ಚಲಿಲ್ಲ. ಅರ್ಕಾವತ್ತಿನ ಕೊಕ್ಕೆಗೂ ಸೊನ್ನೆಗೂ ನಡುವೆ ತೆಳ್ಳಗೆ ಒಂದು ಗೋಡೆ ನಿಂತಿತು. ಅಕ್ಕಾ, ‘ದು’ವಿನ ಕೊಂಬಿನಲ್ಲಿ ನೀವು ಹೇಳಿದ ದಾಟುಗೆರೆ ಇತ್ತು. ಒಂದಲ್ಲ, ಇಡೀ ಸಾಲಿನಲ್ಲಿ ಐದು ಕಡೆ ಸಿಕ್ಕಿತು. ಎಲ್ಲವನ್ನೂ ಬೆಸೆದೆ.

ಆಮೇಲೆ ಕೊನೆಯ ಹಲಗೆ. ಮೇಜಿನ ಮೇಲೆ ಹಾಸಿದ ಎಂಡಿಎಫ್ ಹಲಗೆಯನ್ನು ಒಮ್ಮೆ ಯಂತ್ರದಿಂದಲೇ ಸಮ ಮಾಡಿಕೊಂಡು, ಹೊಟ್ಟನ್ನು ಬಟ್ಟೆಯಿಂದ ಒರೆಸಿ, ಅದರ ಮೇಲೆ ಬಿಗಿದೆ. ಬಲಗಡೆಯ ಅಂಚಿನ ಮೇಲೆ ಗುಣಿಸು ಗುರುತು. ತಗ್ಗು 4 ಮಿ.ಮೀ., ಕೊನೆಯ ಸುತ್ತು 0.3. ಹಲಗೆಯನ್ನು ಕದಲಿಸದೆ ಥಿನ್ನರ್ ಒರೆಸಿದೆ; ಬಟ್ಟೆಗೆ ಹಳದಿ ಬಂತು. ಸೀಲರ್, ಹಾಳೆ, ಸುರುಳಿಯೊಳಗಿನ ಮರಕ್ಕೆ ಅಂಟಿನ ಹನಿ, ಎಲ್ಲವೂ ಹೇಳಿದ ಕ್ರಮದಲ್ಲಿಯೇ. ಅಂಟನ್ನು ಮಾತ್ರ ಹಾಳೆ ಅಂಟಿಸುವ ಮೊದಲು, ಎಂಡಿಎಫ್ ತುಂಡನ್ನು ಪಕ್ಕದಲ್ಲಿ ಇಟ್ಟು ಅಳತೆ ನೋಡಿ ಹಾಕಿದೆ.

‘ಬಿ’ ಅರ್ಧ ಆಗಿದ್ದಾಗ ಕರೆಂಟ್ ಹೋಯಿತು. ಬಿಟ್ ಮರದೊಳಗೇ ನಿಂತಿತ್ತು. ಮೊದಲಿನಂತಾಗಿದ್ದರೆ ಝೀರೋ ಎಲ್ಲಿತ್ತು ಎಂದು ಹುಡುಕುತ್ತಾ ಆ ಹಲಗೆಯನ್ನೂ ಕಳೆದುಕೊಳ್ಳುತ್ತಿದ್ದೆ. ಕರೆಂಟ್ ಬಂದ ಮೇಲೆ ಸ್ಪಿಂಡಲ್ಲನ್ನು ನಿಧಾನಕ್ಕೆ ಮೇಲೆತ್ತಿ, ಯಂತ್ರವನ್ನು ‘ಹೋಮ್’ ಮಾಡಿ (ಅದರ ಆರಂಭದ ಜಾಗಕ್ಕೆ ಕಳುಹಿಸಿ), ಗುಣಿಸು ಗುರುತಿನ ಮೇಲೆ ಅದೇ ಕಾಗದ ಇಟ್ಟು ಝೀರೋ ಮಾಡಿ, ‘ಬಿ’ಯನ್ನು ಮೊದಲಿನಿಂದ ಓಡಿಸಿದೆ. ನಿಂತ ಜಾಗ ಯಾವುದು ಎಂದು ಈಗ ಬೆರಳಾಡಿಸಿದರೂ ಗೊತ್ತಾಗುವುದಿಲ್ಲ.

ಎಡತುದಿಯ ‘ಶ್ರೀ’ಯ ಗೆರೆ 8.1 ಮಿ.ಮೀ., ಬಲತುದಿಯ ‘ಪೆ’ 8. ಹಾಳೆ ಸುಲಿಯುವಾಗ ‘ಕೃ’ ಹತ್ತಿರ ಬಣ್ಣ ಒಂದು ಎಳೆಯ ಗುಂಟ ಕೂದಲಿನಷ್ಟು ಹರಿದಿತ್ತು. ಅಲ್ಲಿ ಸೀಲರ್ ಸರಿಯಾಗಿ ಕೂತಿರಲಿಲ್ಲ ಎಂದು ಕಾಣುತ್ತದೆ. ಬ್ಲೇಡಿನ ತುದಿಯಿಂದ ಕೆರೆದು ತೆಗೆದೆ.

ಒಂದು ಕೆಲಸ ಅಪ್ಪ ತಾವೇ ಎತ್ತಿಕೊಂಡರು. 6 ಮಿ.ಮೀ. ಬಿಟ್ ತೆಗೆದ ತಗ್ಗಿನ ನಾಲ್ಕು ಮೂಲೆಗಳೂ 3 ಮಿ.ಮೀ. ತ್ರಿಜ್ಯದಲ್ಲಿ ದುಂಡಾಗಿ ಉಳಿದಿದ್ದವು. ಯಜಮಾನಿಯ ತವರಿನ ಫೋಟೊದಲ್ಲಿ ಮೂಲೆಗಳು ಚೌಕವಾಗಿವೆ. ಅಪ್ಪ ಅರ್ಧ ಇಂಚಿನ ಉಳಿಯನ್ನು ಕಲ್ಲಿಗೆ ಹಿಡಿದು, ಒಂದೊಂದು ಮೂಲೆಗೂ ಐದಾರು ನಿಮಿಷ ಕುಳಿತು, ಕೊಡತಿಯಿಂದ ಮೆಲ್ಲಗೆ ತಟ್ಟಿ ಚೌಕ ಮಾಡಿದರು. ತಳದ ಮಟ್ಟಕ್ಕೆ ಬಂದ ಮೇಲೆ ಕೊಡತಿ ಕೆಳಗಿಟ್ಟು, ಅಂಗೈಯಿಂದಲೇ ಉಳಿಯನ್ನು ತಳ್ಳಿ ಸವರಿದರು. ಇದಕ್ಕೂ ಯಂತ್ರದಲ್ಲಿ ದಾರಿ ಇದ್ದರೆ ತಿಳಿಸಿ. ಸಣ್ಣ ಬಿಟ್ ಹಾಕಿದರೆ ದುಂಡು ಚಿಕ್ಕದಾಗುತ್ತದೆ, ಹೋಗುವುದಿಲ್ಲ.

ಹಿಂಬದಿಯಲ್ಲಿ ಅಪ್ಪನ ಹೆಸರು, ನನ್ನ ಹೆಸರು, ವರ್ಷ ಬರೆದು, ಕೆಳಗೆ ‘ಬಿಟ್ 60, ತಗ್ಗು 4, ಗೆರೆ 8’ ಎಂದು ಬರೆದಿದ್ದೇನೆ. ನಾಡಿದ್ದು ನಿಟ್ಟುವಳ್ಳಿಗೆ ಹೋಗಿ ಕೂರಿಸಬೇಕು.


ಕಲ್ಲಿನಕೋಟೆ, ಚಿತ್ರದುರ್ಗ

ಮೂಲೆಯ ದುಂಡು ಹೋಗಲಾಡಿಸಲು ನಾನೂ ಉಳಿಯನ್ನೇ ಹಿಡಿಯುತ್ತೇನೆ ತಮ್ಮಾ. ವಿ-ಬಿಟ್ಟನ್ನು ಮೂಲೆಗೆ ಓರೆಯಾಗಿ ಎಳೆದು ಚೂಪು ಮಾಡುವವರಿದ್ದಾರೆ, ಆದರೆ ಆಗ ಗೋಡೆ ನೆಟ್ಟಗೆ ಇರದೆ ಇಳಿಜಾರಾಗುತ್ತದೆ. ನಿನ್ನ ಫಲಕಕ್ಕೆ ನೆಟ್ಟ ಗೋಡೆಯೇ ಚೆಂದ. ಕೂರಿಸುವಾಗ ಮೊಳೆಯನ್ನು ಬಿಗಿಯಾಗಿ ಹೊಡೆಯಬೇಡ. 200 ಮಿ.ಮೀ. ಅಗಲದ ಸಾಗುವಾನಿ ಮಳೆಗಾಲಕ್ಕೆ ತುಸು ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಹಿಂದಿನಿಂದ ಸ್ಕ್ರೂ ಹಾಕು, ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದನೆಯ ಕೊರಕಲಾಗಿ ತೆಗೆ.